ಮುಖವಿಲ್ಲದ ಕುಂಡಗಳ ಕುರಿತು ವಿವರಣೆ

ಮಾನ್ಯ ಓದುಗರಲ್ಲಿ, ಹಾನಗಲ್ಲ ತಾಲೂಕು ಅಕ್ಕಿಆಲೂರಿನ ನಿವಾಸಿಯೂ, ಪ್ರೌಢಶಾಲೆಯೊಂದರ ಕಚೇರಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಗುಮಾಸ್ತೆಯೂ ಆಗಿರುವ ನಾನು ವಿನಯಪೂರ್ವಕ ಬರೆದುಕೊಳ್ಳುವುದೇನೆಂದರೆ, ನಮ್ಮ ಮನೆಯ ಅಂಗಳದಲ್ಲಿ ಹಳೆಯ ಮಣ್ಣಿನ ಹೂಕುಂಡಗಳಿಂದ ಮಾಡಿದ ಹನ್ನೊಂದು ಗೊಂಬೆಗಳಿವೆ. ಈ ಭಾದ್ರಪದದ ಹುಣ್ಣಿಮೆಯವರೆಗೆ ಅವುಗಳಲ್ಲಿ ಒಂದಕ್ಕೂ ಮುಖವಿರಲಿಲ್ಲ. ಏಕೆ ಇಲ್ಲವೆಂದು ನನ್ನ ಮಗಳು ಸುಧಾ ಹಲವು ಸಲ ಕೇಳಿದಳು. ಬಾಯಿಯಿಂದ ಹೇಳಲು ನನ್ನಿಂದ ಆಗಲಿಲ್ಲ. "ಹಂಗಾರ ಬರದು ಕೊಡು. ನಿನಗ ಬರಿಯೂದರ ಬರತೈತೆಲ್ಲ" ಎಂದಳು. ಆ ಮೇರೆಗೆ ಈ ವಿವರಣೆಯನ್ನು ಸಲ್ಲಿಸುತ್ತಿದ್ದೇನೆ.

ಮೊದಲೇ ತಿಳಿಸಿಬಿಡುವುದು ಒಳ್ಳೆಯದು, ನಾನು ಲೇಖಕಿಯಲ್ಲ. ರಜೆ ಅರ್ಜಿ, ವರ್ಗಾವಣೆ ಪತ್ರ, ಜನ್ಮ ದಿನಾಂಕ ತಿದ್ದುಪಡಿಯ ಪ್ರಸ್ತಾವನೆ ಇವುಗಳ ಹೊರತು ಬೇರೇನನ್ನೂ ಬರೆದವಳಲ್ಲ. ಹಾಳೆಯ ಮೇಲ್ಭಾಗದಲ್ಲಿ 'ವಿಷಯ' ಎಂದೂ ಅದರ ಕೆಳಗೆ 'ಉಲ್ಲೇಖ' ಎಂದೂ ಬರೆದ ಮೇಲೆಯೇ ನನ್ನ ಕೈ ಮುಂದೆ ಸಾಗುವುದು. ಈ ಬರಹಕ್ಕೆ ಉಲ್ಲೇಖವೆಂದು ಯಾವುದನ್ನು ನಮೂದಿಸಬೇಕೆಂದು ಎರಡು ದಿನ ಯೋಚಿಸಿದೆ. ವಾಸ್ತವವಾಗಿ ಉಲ್ಲೇಖಿಸಬೇಕಾದದ್ದು ಒಂದು ಮಣ್ಣಿನ ಮೂಗನ್ನು. ಅದರ ವಿಚಾರವನ್ನು ಸರದಿ ಬಂದಾಗ ಅರಿಕೆ ಮಾಡಿಕೊಳ್ಳುತ್ತೇನೆ. ಈಗಲೇ ಬರೆಯಲು ಧೈರ್ಯ ಸಾಲದು.

ಕುಂಡಗಳು ನಮ್ಮ ಶಾಲೆಯವು. ವರಾಂಡದ ಉದ್ದಕ್ಕೂ ಮಣ್ಣಿನ ಕುಂಡಗಳ ಸಾಲು ಇತ್ತು. ಹಳೆಯ ವಿದ್ಯಾರ್ಥಿಗಳು ಬಣ್ಣಬಣ್ಣದ ಪ್ಲಾಸ್ಟಿಕ್ ಕುಂಡಗಳನ್ನು ತಂದುಕೊಟ್ಟ ಮೇಲೆ, ಮಣ್ಣಿನವುಗಳನ್ನು ಸೈಕಲ್ ಶೆಡ್ಡಿನ ಹಿಂದೆ ರಾಶಿ ಹಾಕಿದರು. ಅಂಚು ಮುರಿದವು, ಉಪ್ಪು ಹಿಡಿದು ಬೆಳ್ಳಗಾದವು, ಪಾಚಿ ಕಟ್ಟಿದವು. ಯಾರೂ ಕೇಳುವವರಿರಲಿಲ್ಲ, ಸುಮ್ಮನೆ ಎತ್ತಿಕೊಂಡು ಹೋಗಬಹುದಾಗಿತ್ತು. ಆದರೆ ಶಾಲೆಯ ಗುಂಡುಸೂಜಿಯೊಂದು ಸೀರೆಗೆ ಸಿಕ್ಕಿಕೊಂಡು ಮನೆಗೆ ಬಂದರೆ ಮರುದಿನ ಅದನ್ನು ಹಿಂದಿರುಗಿಸುವವಳು ನಾನು. ಆದ್ದರಿಂದ ನಮ್ಮ ಮುಖ್ಯೋಪಾಧ್ಯಾಯಿನಿಯವರಿಗೆ ಲಿಖಿತ ಮನವಿ ಸಲ್ಲಿಸಿದೆ. ಗಣಕಯಂತ್ರದಲ್ಲಿ ಬೆರಳು ಜಾರಿ 'ಕುಂಡಗಳನ್ನು' ಎಂಬುದು 'ಕುಂಡಿಗಳನ್ನು' ಎಂದಾಗಿತ್ತು. "ನಿರುಪಯುಕ್ತವಾದ ಕುಂಡಿಗಳನ್ನು ಮನೆಗೆ ಒಯ್ಯಲು ಅನುಮತಿ ನೀಡುವ ಕುರಿತು" ಎಂಬ ವಿಷಯದ ಸಾಲನ್ನು ಅವರು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು.

"ಬಾಯಾರ, ಮೂವತ್ತು ವರ್ಷ ಕುರ್ಚಿ ಮ್ಯಾಲೆ ಕುಂತು ನಂದೂ ನಿರುಪಯುಕ್ತ ಆಗೇತಿ. ಒಯ್ಯೂದಿದ್ರ ಅದನ್ನೂ ಒಯ್ರಿ" ಎಂದರು.

ಸ್ಟಾಫ್ ರೂಮಿನವರೆಲ್ಲ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನನಗೆ ಮಾತ್ರ ವಾರಗಟ್ಟಲೆ ಊಟ ಸೇರಲಿಲ್ಲ. ಸದರಿ ಮನವಿಯ ಪ್ರತಿ ಕಡತದಲ್ಲಿದೆ. ನಾನು ನಿವೃತ್ತಳಾದ ಮೇಲೆಯೂ ಇರುತ್ತದೆ. ಯಾರಾದರೊಬ್ಬರು ತಪಾಸಣೆಗೆಂದು ಬಂದು ಅದನ್ನು ತೆರೆದೇ ತೆರೆಯುತ್ತಾರೆಂಬ ಭಯ ಇಂದಿಗೂ ಇದೆ.

ಹೀಗೆ ಭಯಪಡುವುದು ನನ್ನ ಸ್ವಭಾವ. ಮನೆಯವರು ಅಕ್ಕಿ ಗಿರಣಿಯಲ್ಲಿ ಮೇಲ್ವಿಚಾರಕರು. ದಿನವಿಡೀ ಯಂತ್ರದ ಸದ್ದಿನಲ್ಲಿ ಇರುವುದರಿಂದಲೋ ಏನೋ, ಅವರಿಗೆ ಯಾವ ಸದ್ದೂ ಅಪಶಕುನವಲ್ಲ. ನಾನು ಫೋನ್ ಒಮ್ಮೆ ಬಡಿದುಕೊಂಡರೆ ಅಂಜುತ್ತೇನೆ, ಬಡಿದುಕೊಳ್ಳದಿದ್ದರೂ ಅಂಜುತ್ತೇನೆ. ಇದಕ್ಕೆ ಈ ವರ್ಷ ಹೊಸ ಕಾರಣವೊಂದು ಸೇರಿತು.

ಸುಧಾಳನ್ನು ಶಿಗ್ಗಾಂವಿ ತಾಲೂಕಿನ ತಡಸಕ್ಕೆ ಮದುವೆ ಮಾಡಿಕೊಟ್ಟಿದ್ದೇವೆ. ಅವಳ ಮೊದಲ ಬಸಿರು ಮೂರನೆಯ ತಿಂಗಳಲ್ಲಿ ನಿಂತುಹೋಯಿತು. ಎರಡನೆಯದು ಐದನೆಯ ತಿಂಗಳಲ್ಲಿ. ಈಗಿನದು ಮೂರನೆಯದು. ಹಾನಗಲ್ಲಿನ ಡಾಕ್ಟರಮ್ಮ ಹೆಚ್ಚು ಹೊತ್ತು ಮಲಗಿಯೇ ಇರಬೇಕೆಂದು ಹೇಳಿದ್ದರಿಂದ ನಾಲ್ಕನೆಯ ತಿಂಗಳಿಗೇ ನಮ್ಮಲ್ಲಿಗೆ ಕರೆತಂದೆವು. ಅಂಗಳದ ಕಡೆಯ ಕಿಟಕಿಗೆ ಒತ್ತಿ ಮಂಚ ಹಾಕಿದೆವು. ಮನೆಯಲ್ಲಿ ಕೂಸು ಎಂಬ ಶಬ್ದವನ್ನು ಯಾರೂ ಎತ್ತುತ್ತಿರಲಿಲ್ಲ. ಮನೆಯವರು 'ಆ ವಿಷಯ' ಎನ್ನುತ್ತಿದ್ದರು. ಹಳೆಯ ಸೀರೆ ಹರಿದು ದುಪ್ಪಟಿ ಹೊಲಿಯಲಿಲ್ಲ, ಅಟ್ಟದ ಮೇಲಿನ ತೊಟ್ಟಿಲನ್ನು ಇಳಿಸಲಿಲ್ಲ. ಯಾವುದಾದರೂ ಒಂದನ್ನು ಮುಟ್ಟಿದರೆ ಇನ್ನೊಂದು ಕಡಿದುಹೋಗುವುದೆಂಬಂತೆ ಮೂವರೂ ಮೆಲ್ಲಗೆ ಓಡಾಡಿಕೊಂಡಿದ್ದೆವು.

ಒಂದು ದಿನ ಸುಧಾ, "ಅವ್ವಾ, ಈ ಗ್ವಾಡಿ ನೋಡಿ ನೋಡಿ ಸಾಕಾತು. ಎಷ್ಟ ಇಟ್ಟಂಗಿ ಅದಾವ ಅನ್ನೂದು ಬಾಯಿಪಾಠ ಆಗೇತಿ" ಎಂದಳು. ಕಿಟಕಿಯಾಚೆ ಆವರಣದ ಗೋಡೆ ಬಿಟ್ಟರೆ ನೋಡಲು ಬೇರೇನೂ ಇರಲಿಲ್ಲ. ಅಂದೇ ನಾನು ಮೇಲ್ಕಂಡ ಮನವಿಯನ್ನು ಟೈಪ್ ಮಾಡಿದ್ದು.

ಕುಂಡಗಳನ್ನು ಪರೀಕ್ಷಿಸುವುದನ್ನು ನನಗೆ ಕಲಿಸಿದವರು ಸವಣೂರಿನಲ್ಲಿ ಸಸಿ ಮಾರುವ ಹಜರತಬಿ. ಹಿಂದೊಮ್ಮೆ ಶಾಲೆಗೆ ಸಸಿ ತರಲು ಹೋದಾಗ, ಕುಂಡದ ಸುತ್ತ ಬಗ್ಗಿ ಬಿರುಕು ಹುಡುಕುತ್ತಿದ್ದ ನನ್ನನ್ನು ನೋಡಿ ಅವರು ನಕ್ಕಿದ್ದರು. "ಕಣ್ಣಿಗಿ ಏನ್ ಕಾಣತೈತ್ರಿ ಬಾಯಾರ? ಕಿವಿ ಹಚ್ಚರಿ" ಎಂದು ಒಂದು ಖಾಲಿ ಕುಂಡವನ್ನು ಅಂಗೈ ಮೇಲೆ ಕೂರಿಸಿಕೊಂಡು ಬೆರಳ ಗಿಣ್ಣಿನಿಂದ ಬಡಿದರು. "ಠಣ್ ಅಂದ್ರ ಜೀವ ಐತಿ. ಬದ್ ಅಂದ್ರ ಒಳಗ ಬಿರಕ ಐತಿ, ಇವತ್ತಲ್ಲ ನಾಳೆ ಕೈ ಬಿಡತೈತಿ."

ಆ ಮಾತು ನನ್ನ ತಲೆಗೆ ಹೊಕ್ಕು ಹೊರಬರಲಿಲ್ಲ. ಅಂದಿನಿಂದ ಕಂಡದ್ದನ್ನೆಲ್ಲ ಬಡಿದು ನೋಡುವ ಚಟ ಅಂಟಿತು. ತೆಂಗಿನಕಾಯಿ, ಡಬ್ಬಿ, ಬೀಗ ಹಾಕಿದ ಕಪಾಟು. ಹಾನಗಲ್ಲಿನ ದವಾಖಾನೆಯಲ್ಲಿ ಡಾಕ್ಟರಮ್ಮನ ಮೇಜನ್ನು ಬಡಿದಾಗ ಅವರು "ಬರ್ರಿ" ಎಂದುಬಿಟ್ಟರು. ನಾನು ಅವರ ಎದುರಿಗೇ ಕುಳಿತಿದ್ದೆ.

ಕೆಲಸದ ರೀತಿ ಸರಳವಾದದ್ದು. ಕುಂಡಗಳನ್ನು ಒಂದು ಹಗಲು ನೀರಿನಲ್ಲಿ ನೆನೆಸಿ, ತೆಂಗಿನ ನಾರಿನಿಂದ ಉಜ್ಜಿ, ಒಣಗಿದ ಮೇಲೆ ಬಡಿದು ನೋಡಬೇಕು. ಠಣ್ ಎಂದವುಗಳನ್ನು ಮಾತ್ರ ತೆಗೆದುಕೊಳ್ಳಬೇಕು. ಪ್ರತಿ ಕುಂಡದ ತಳದಲ್ಲಿ ನೀರು ಬಸಿಯಲು ತೂತು ಇದ್ದೇ ಇರುತ್ತದೆ. ನೆಲದಲ್ಲಿ ಕಬ್ಬಿಣದ ಸರಳು ನೆಟ್ಟು, ಆ ತೂತಿನ ಮೂಲಕ ದೊಡ್ಡ ಕುಂಡವನ್ನು ಬೋರಲಾಗಿ ಇಳಿಸಿ, ಅದರ ಮೇಲೆ ಮಧ್ಯಮದ್ದು, ಅದರ ಮೇಲೆ ಸಣ್ಣದು. ಇದು ಮೈ, ಇದು ಎದೆ, ಇದು ತಲೆ. ತಲೆಯ ಮೇಲೆ ಕುಂಡದ ಅಡಿ ಇಡುವ ತಟ್ಟೆಯನ್ನು ಕವಚಿದರೆ ಟೊಪ್ಪಿಗೆಯಾಯಿತು. ಅಂಗೈಯಷ್ಟು ಚಿಕ್ಕ ಕುಂಡಗಳನ್ನು ಹಗ್ಗಕ್ಕೆ ಪೋಣಿಸಿ ಇಳಿಬಿಟ್ಟರೆ ಕೈ. ಮೈಗೆ ಕೆಮ್ಮಣ್ಣು, ಅಂಚಿಗೆ ಸುಣ್ಣದ ಗೆರೆ. ಒಬ್ಬ ರುಮಾಲಿನ ಗೌಡ, ನೀರು ಹೊತ್ತವಳು, ಜೋಡಿ ಅಕ್ಕತಂಗಿಯರು, ಒಂದು ಆಮೆ, ಒಂದು ಕೋಳಿ. ಹೀಗೆ ಹನ್ನೊಂದಾದವು.

"ನಮ್ಮ ಅಂಗಳದಾಗ ಗ್ರಾಮಸಭಾ ಕರದಂಗ ಆಗೇತಿ. ಯಾರೂ ಬಾಯಿ ಬಿಡವಲ್ರು, ಅದೊಂದ ಚಲೋ" ಎಂದರು ಮನೆಯವರು.

ಬಾಯಿ ಬಿಡಲು ಬಾಯಿ ಇರಲಿಲ್ಲ. ಗೌಡನಿಗೆ ಮೀಸೆಯಿರಲಿಲ್ಲ, ಕೋಳಿಗೆ ಕೊಕ್ಕಿರಲಿಲ್ಲ, ಆಮೆ ತಲೆ ಹೊರಗಿಟ್ಟಿತ್ತಾದರೂ ಅದಕ್ಕೆ ಕಣ್ಣಿರಲಿಲ್ಲ. ಸುಧಾ ಕೇಳಿದಾಗ ಬಣ್ಣ ಮುಗಿದಿದೆ ಎಂದೆ. ಅಪ್ಪನಿಂದ ಬಣ್ಣ ತರಿಸಿದಳು. ಕುಂಚ ಕೆಟ್ಟಿದೆ ಎಂದೆ. ಕುಂಚವೂ ಬಂತು. ಆ ಮೇಲೆ ಸುಳ್ಳುಗಳ ದಾಸ್ತಾನು ಮುಗಿಯಿತು.

ಬದ್ ಎಂಬ ಸದ್ದು ಬಂದ ದಿನ ಕೆಲಸ ನಿಲ್ಲಿಸಿ, ನೀರು ಕೊಡುವ ನೆಪದಲ್ಲಿ ಹತ್ತು ಸಲ ಅವಳ ಕೋಣೆಗೆ ಹೋಗುತ್ತಿದ್ದೆ. "ಇಷ್ಟ ನೀರು ಕುಡದ್ರ ನಾನೂ ಕುಂಡ ಆಗತೇನಿ ಅವ್ವಾ. ತಳಕ್ಕೊಂದು ತೂತು ಹಾಕಿಬಿಡು" ಎನ್ನುತ್ತಿದ್ದಳು. ನಗುತ್ತಾ ಹೇಳುತ್ತಿದ್ದಳು. ಒಂದು ಕೈ ಮಾತ್ರ ಹೊಟ್ಟೆಯ ಮೇಲೆಯೇ ಇರುತ್ತಿತ್ತು.

ಈಗ ಮೂಗಿನ ವಿಚಾರ.

ನನಗಾಗ ಏಳು ವರ್ಷ. ಹಿರೇಬೆಂಡಿಗೇರಿಯಲ್ಲಿ ಆಯಿಯ ಮನೆಯಲ್ಲಿದ್ದೆ. ಆಯಿ ಎಂದರೆ ನನ್ನ ಅವ್ವನ ಅವ್ವ. ಓದುಗರಿಗೆ ತಿಳಿದ ವಿಷಯವೇ ಆದರೂ ದಾಖಲೆಗಾಗಿ ನಮೂದಿಸುತ್ತೇನೆ: ನಮ್ಮ ಕಡೆ ಗಣಪತಿ ಹೋದ ಬೆನ್ನಿಗೆ ಜೋಕುಮಾರ ಬರುತ್ತಾನೆ. ಹಸಿ ಮಣ್ಣಿನ ಗೊಂಬೆ. ಅಗಲ ಕಣ್ಣು, ದಪ್ಪ ಮೀಸೆ, ತೆರೆದ ಬಾಯಿ. ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಬೇವಿನ ಎಲೆ ಹಾಸಿ, ಅವನನ್ನು ಕೂರಿಸಿ, ತಲೆಯ ಮೇಲೆ ಹೊತ್ತು ಮನೆಮನೆಗೆ ತಂದು ಹಾಡುತ್ತಾರೆ. ಮನೆಯವರು ಅವನ ತುಟಿಗೆ ಬೆಣ್ಣೆ ಹಚ್ಚಿ, ಮೊರದಲ್ಲಿ ಜೋಳ ನೀಡುತ್ತಾರೆ. ಮಕ್ಕಳಾಗದವರು ಅವನಿಗೆ ಹರಕೆ ಹೊರುತ್ತಾರೆ. ಅವನ ಆಯುಷ್ಯ ಏಳೇ ದಿನ. ಹುಣ್ಣಿಮೆಗೆ ಸಾಯುತ್ತಾನೆ.

ಆ ವರ್ಷ ಬೆಣ್ಣೆ ಹಚ್ಚುವ ಕೆಲಸವನ್ನು ಆಯಿ ನನಗೆ ವಹಿಸಿದಳು. ಅವನ ಕಣ್ಣು ನೋಡಲಾರದೆ ಮುಖ ಆಚೆ ತಿರುಗಿಸಿದೆ. ತುಟಿಗೆ ಹೋಗಬೇಕಾದ ಬೆರಳು ಮೂಗಿಗೆ ತಾಗಿತು. ಬೆರಳು ಹಿಂದಕ್ಕೆ ಎಳೆದುಕೊಂಡಾಗ ಬೆಣ್ಣೆಯ ಜೊತೆ ಮೂಗೂ ಬಂತು. ಹೆಣ್ಣುಮಕ್ಕಳು ಉಡಿಯೊಡ್ಡಿ ಜೋಳ ಹಾಕಿಸಿಕೊಳ್ಳುತ್ತಿದ್ದರು, ಯಾರೂ ನೋಡಲಿಲ್ಲ. ನಾನು ಮುಷ್ಟಿ ಬಿಗಿದು ಹಿತ್ತಲಿಗೆ ಓಡಿದೆ. ಅಲ್ಲಿ ಆಯಿಯ ಮರುಗದ ಕುಂಡವಿತ್ತು. ಮೂಗನ್ನು ಅದರ ಮಣ್ಣಿನೊಳಗೆ ಹೆಬ್ಬೆರಳಿನಿಂದ ಒತ್ತಿ ಹುಗಿದೆ.

ಹುಣ್ಣಿಮೆಯ ದಿನ ನನ್ನ ದೊಡ್ಡಮ್ಮನ ಮಗಳು ಚೆನ್ನಕ್ಕ, ನನಗಿಂತ ಎರಡು ವರ್ಷ ದೊಡ್ಡವಳು, ಹುಣಸೆಹಣ್ಣು ಚೀಪುತ್ತಾ ಹೇಳಿದಳು. "ಸತ್ತ ಮ್ಯಾಲೆ ಅವ ತನ್ನ ಸಾಮಾನು ಯಾರ ಮನ್ಯಾಗ ಐತಿ ಅಂತ ಹುಡಕಕೋತ ಬರತಾನ. ಅವ ಕೂಸು ಕೊಡಾವ ಗೊತ್ತೇನು? ಸಿಟ್ಟಾದ್ರ ಕೊಟ್ಟದ್ದು ಹೊಳ್ಳಿ ಒಯ್ಯತಾನ."

ಚೆನ್ನಕ್ಕನಿಗಾಗ ಒಂಬತ್ತು ವರ್ಷ. ಅವಳು ಆ ವಾರದಲ್ಲೇ, ಬರೆಯುವ ಪಾಟಿ ನೆಕ್ಕಿದರೆ ಗಡ್ಡ ಬರುತ್ತದೆ ಎಂದೂ ಹೇಳಿದ್ದಳು. ಗಡ್ಡದ ಮಾತನ್ನು ನಾನು ಆರು ತಿಂಗಳಲ್ಲಿ ಮರೆತೆ. ಈ ಮಾತನ್ನು ಮರೆತಿದ್ದೇನೆ ಎಂದುಕೊಂಡಿದ್ದೆ.

ನನ್ನ ಮದುವೆಯಾದಾಗ ಆಯಿ ಅದೇ ಕುಂಡವನ್ನು ನನ್ನ ಕೈಗಿಟ್ಟಳು. "ಈ ಮರುಗ ನಿನ್ನ ಕೈಯಾಗ ಹುಲುಸಾಗಿ ಬರತೈತಿ, ಒಯ್ಯವಾ" ಎಂದಳು. ಬೇಡ ಎನ್ನಲು ಕಾರಣ ಕೊಡಬೇಕಾಗುತ್ತಿತ್ತು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಅಕ್ಕಿಆಲೂರಿಗೆ ಬಂದೆ. ಹೊಸ ಮದುಮಗಳು ತವರನ್ನು ನೆನೆದು ಅಳುತ್ತಿದ್ದಾಳೆಂದು ಅಕ್ಕಪಕ್ಕದವರು ಸಮಾಧಾನ ಹೇಳಿದರು. ಕುಂಡವನ್ನು ಅಂಗಳದ ಮೂಲೆಗಿಟ್ಟೆ. ಮರುಗ ಹೋಯಿತು, ತುಳಸಿ ಬಂತು, ಸೇವಂತಿಗೆ ಬಂತು. ಗಿಡ ಬದಲಾಯಿತು, ಮಣ್ಣನ್ನು ಮಾತ್ರ ನಾನು ಬದಲಾಯಿಸಲಿಲ್ಲ. ಅಗೆದರೆ ಅದು ಸಿಗುತ್ತದೆ ಎಂಬ ಭಯ.

ಸುಧಾಳ ಮೊದಲನೆಯದು ಹೋದ ದಿನ, ತಡಸದಿಂದ ಫೋನ್ ಬಂದಾಗ, ನಾನು ಮೊದಲು ನೋಡಿದ್ದು ಆ ಮೂಲೆಯ ಕಡೆಗೆ. ಎರಡನೆಯ ಸಲವೂ ಹಾಗೆಯೇ. ಇದನ್ನು ನಾನು ಇಲ್ಲಿಯವರೆಗೆ ಯಾರಿಗೂ ತಿಳಿಸಿಲ್ಲ. ಕಾನೂನು, ನಿಯಮ, ಸುತ್ತೋಲೆಗಳ ನಡುವೆ ಆಯುಷ್ಯ ಕಳೆದ ಹೆಂಗಸು ಒಂದು ಮಣ್ಣಿನ ಮೂಗಿಗೆ ಹೆದರುತ್ತಾಳೆಂದು ಹೇಳಿಕೊಳ್ಳಲು ನಾಚಿಕೆ. ಹೀಗಿರುವಾಗ ಮಣ್ಣಿನ ಮೇಲೆ ನನ್ನ ಕೈಯಿಂದ ಇನ್ನೊಂದು ಮುಖ ಮಾಡುವುದು ಹೇಗೆ?

ಕುಂಡಗಳು ಮುಗಿದಾಗ ಸುಧಾ ಕಿಟಕಿಯಿಂದ ಬೆರಳು ಮಾಡಿ, "ಆ ಮೂಲ್ಯಾಗಿಂದು ಐತೆಲ್ಲ. ಹಳೇದು, ಚಂದ ಐತಿ" ಎಂದಳು.

"ಅದು ಬ್ಯಾಡ."

"ಯಾಕ?"

"ಬ್ಯಾಡ ಅಂದ್ರ ಬ್ಯಾಡ."

ಮುಂದಿನ ಸಂಗತಿ ನಡೆದದ್ದು ಸುಧಾಳಿಗೆ ಏಳು ತಿಂಗಳು ತುಂಬುತ್ತಿದ್ದಾಗ, ಇದೇ ಭಾದ್ರಪದದಲ್ಲಿ, ಹುಣ್ಣಿಮೆಗೆ ಎರಡು ದಿನ ಮೊದಲು.

ಬೆಳಿಗ್ಗೆ ಒಂಬತ್ತರ ಸುಮಾರಿಗೆ ನಾನು ಕಚೇರಿಗೆ ಹೊರಡುತ್ತಿದ್ದೆ. ಸುಧಾ ಕರೆದಳು. ಅವಳ ದನಿ ಬಹಳ ಸಣ್ಣದಾಗಿತ್ತು.

"ಅವ್ವಾ, ಎದ್ದಾಗಿಂದ ಮಿಸುಕವಲ್ದು."

ಮನೆಯವರು ಡಾಕ್ಟರಮ್ಮನಿಗೆ ಫೋನ್ ಹಚ್ಚಿದರು. ಸಿಹಿ ಏನಾದರೂ ತಿಂದು, ಎಡಮಗ್ಗುಲಿಗೆ ಮಲಗಿ, ಹೊಟ್ಟೆಯ ಮೇಲೆ ಕೈಯಿಟ್ಟು ಮಿಸುಕಾಟ ಎಣಿಸಲು ಅವರು ಹೇಳಿದರು. ಒಂದು ತಾಸಿನೊಳಗೆ ಹತ್ತು ಸಲ ಆಡದಿದ್ದರೆ, ಕಾಯದೆ ಹಾನಗಲ್ಲಿಗೆ ಬರಬೇಕು. ಆಡಿದರೂ ಇಂದೇ ಒಮ್ಮೆ ತೋರಿಸಿಕೊಂಡು ಹೋಗಬೇಕು. ಮನೆಯವರು ಗಿರಣಿಯ ಮಾಲೀಕರ ಕಾರು ಕೇಳಿ ತರಲು ಹೊರಟರು. ಚಪ್ಪಲಿ ಬದಲಾಗಿ ನನ್ನವನ್ನು ಮೆಟ್ಟಿಕೊಂಡು ಹೋದರು. ಯಾವ ಸದ್ದಿಗೂ ಹೆದರದವರು ಅಂದು ಸದ್ದಿಲ್ಲದ್ದಕ್ಕೆ ಹೆದರಿದ್ದರು.

ಸುಧಾ ಬೆಲ್ಲದ ಪಾನಕ ಕುಡಿದು ಎಡಮಗ್ಗುಲಾಗಿ ಮಲಗಿದಳು. ನಾನು ಮಂಚದ ಪಕ್ಕ ಕುಳಿತೆ. ಐದು ನಿಮಿಷವಾಗಿರಬಹುದು. ಕಣ್ಣು ಮುಚ್ಚಿಕೊಂಡೇ ಅವಳು, "ನೀ ಹಿಂಗ ಕುಂದ್ರಬ್ಯಾಡವಾ. ನಿನ್ನ ಮಾರಿ ನೋಡಿದ್ರ ನನಗ ಅಂಜಿಕಿ ಬರತೈತಿ. ಹೊರಗ ಹೋಗು" ಎಂದಳು.

ಮುಖವಿಲ್ಲದ ಹನ್ನೊಂದರ ನಡುವೆ ಹೋಗಿ ನಿಂತೆ. ಮುಖವಿದ್ದವಳು ನಾನೊಬ್ಬಳೇ, ಅದೂ ಕೆಲಸಕ್ಕೆ ಬಾರದ ಮುಖ. ಏನು ಮಾಡಬೇಕೆಂದು ತೋಚದೆ ಒಂದೊಂದನ್ನೇ ಬಡಿಯುತ್ತ ಬಂದೆ. ಗೌಡ ಠಣ್ ಎಂದ. ನೀರು ಹೊತ್ತವಳು ಠಣ್ ಎಂದಳು. ಆಮೆ, ಕೋಳಿ, ಅಕ್ಕತಂಗಿಯರು, ಎಲ್ಲವೂ ಸರಿಯಾಗಿದ್ದವು. ಕೊನೆಗೆ ಮೂಲೆಯ ಆಯಿಯ ಕುಂಡದ ಮುಂದೆ ಬಂದು ನಿಂತೆ. ಇಷ್ಟು ವರ್ಷಗಳಲ್ಲಿ ಅದನ್ನು ಒಮ್ಮೆಯೂ ಬಡಿದಿರಲಿಲ್ಲ. ಬಡಿದೆ.

ಬದ್ ಎಂದಿತು.

ಅಲ್ಲಿಯೇ ನೆಲದ ಮೇಲೆ ಕುಳಿತೆ. ಅಷ್ಟರಲ್ಲಿ ಗೇಟಿನ ಸದ್ದಾಯಿತು. ಕಾರು ಬಂತೆಂದು ತಿರುಗಿ ನೋಡಿದರೆ ತಲೆಯ ಮೇಲೆ ಬುಟ್ಟಿ ಹೊತ್ತ ಫಕೀರವ್ವ, ಅವಳ ಹಿಂದೆ ಅವಳ ಸೊಸೆ. ಪ್ರತಿ ವರ್ಷ ನಮ್ಮ ಓಣಿಗೆ ಜೋಕುಮಾರನನ್ನು ತರುವವರು ಅವರೇ. ಪ್ರತಿ ವರ್ಷ ಆ ದಿನ ನಾನು ಜೋಳದ ಮೊರವನ್ನು ಕಟ್ಟೆಯ ಮೇಲಿಟ್ಟು ಕಚೇರಿಗೆ ಬೇಗ ಹೋಗಿಬಿಡುತ್ತಿದ್ದೆ.

ಫಕೀರವ್ವ ಬುಟ್ಟಿ ಇಳಿಸಿದಳು. ಅದೇ ಕಣ್ಣು, ಅದೇ ಮೀಸೆ. ಒಳಗಿಂದ ಬೆಣ್ಣೆ, ಜೋಳ ತಂದೆನಾದರೂ ಕೈ ಮುಂದೆ ಹೋಗಲಿಲ್ಲ.

"ಹಚ್ಚರಿ ಬಾಯಾರ. ಹೊತ್ತಾಗತೈತಿ, ಅವಗ ಇನ್ನ ಎರಡ ದಿನಾನ ಉಳದಾವ" ಎಂದಳು. ನಾನು ಅಲುಗಾಡದಿದ್ದುದನ್ನು ಕಂಡು ಅಂಗಳದ ಸುತ್ತ ನೋಡಿದಳು. "ಇವೇನ್ರಿ ಇಷ್ಟೆಲ್ಲಾ? ಮೈ ಮಾಡೀರಿ, ಮಾರೀನ ಮಾಡಿಲ್ಲ. ಮಳ್ಳರಂಗ ನಿಂತಾವ."

ಅವಳ ಎದುರು ನಾನು ಏಕೆ ಬಾಯಿ ಬಿಟ್ಟೆನೋ ತಿಳಿಯದು. ಬಹುಶಃ ಮಗಳಿಗೆ ಕೇಳಿಸದಂತೆ ಪಿಸುದನಿಯಲ್ಲಿ ಯಾರಿಗಾದರೂ ಹೇಳಲೇಬೇಕಿತ್ತು. ಒಳಗೆ ಸುಧಾ ಎಣಿಸುತ್ತಿರುವುದನ್ನು ಹೇಳಿದೆ. ಹಿಂದೆ ಎರಡು ಹೋದದ್ದನ್ನು ಹೇಳಿದೆ. ಹಿರೇಬೆಂಡಿಗೇರಿಯ ಬೆಣ್ಣೆ, ಬೆರಳು, ಮೂಗು, ಮರುಗದ ಕುಂಡ, ಎಲ್ಲವನ್ನೂ ಹೇಳಿದೆ.

ಫಕೀರವ್ವ ಕೇಳಿ ಮುಗಿಸಿ ಸೊಸೆಯ ಮುಖ ನೋಡಿದಳು. ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಯವ್ವಾ ನನ್ನವ್ವಾ, ಒಂದ ಮೂಗಿಗಿ ಇಷ್ಟ ವರ್ಷ ಅಂಜೀರೇನು?" ಎಂದಳು ಫಕೀರವ್ವ. "ಇವನ ಮೂಗು ಯಾ ವರ್ಷ ಉಳದೈತ್ರಿ? ಎರಡನೇ ಓಣಿ ದಾಟೂದರಾಗ ಹೋಗತೈತಿ. ಹೋದ ವರ್ಷ ಮೀಸಿ ಬಿದ್ದಿತ್ತು, ಹೆಣ್ಣ ಜೋಕುಮಾರ ಬಂದಾನ ಅಂತ ನಕ್ಕರು ಮಂದಿ." ಸೆರಗಿನ ತುದಿಯ ಗಂಟು ಬಿಚ್ಚಿದಳು. ಎಲೆಯಲ್ಲಿ ಸುತ್ತಿದ ಹಸಿ ಮಣ್ಣಿನ ಉಂಡೆ. "ಅದಕ್ಕ ಇದನ್ನ ಕಟಗೊಂಡ ತಿರಗತೇವಿ. ಬಿತ್ತೋ, ಹಚ್ಚಿದಿವೋ, ಮುಂದ ನಡದಿವೋ."

"ನಾನು ಹುಗಿದದ್ದು ಇನ್ನೂ ಅಲ್ಲೇ ಐತಿ ಫಕೀರವ್ವ. ಬಡದು ನೋಡಿದೆ, ಬದ್ ಅಂತೈತಿ."

"ಮಣ್ಣು ತುಂಬಿದ್ದ ಕುಂಡ ಬದ್ ಅನ್ನದ ಗಂಟಿಯಂಗ ಬಾರಸತೈತೇನ್ರಿ? ಖಾಲಿ ಇದ್ದದ್ದಷ್ಟ ಠಣ್ ಅನ್ನೂದು." ಅವಳು ಆಯಿಯ ಕುಂಡದ ಕಡೆ ಗದ್ದ ಎತ್ತಿದಳು. "ಅದು ಸುಟ್ಟ ಮಣ್ಣು. ಇವಂದು ಹಸಿ ಮಣ್ಣು. ಮೊದಲ ದಿನ ನೀರ ಹಾಕಿದ್ರೆಲ್ಲ, ಅವತ್ತ ಕರಗೈತಿ ನಿಮ್ಮ ಮೂಗು. ಏಳ ದಿನದ ಆಯುಷ್ಯ ಅವಂದು ಬಾಯಾರ. ಮೂಗಿನ ಸಲುವಾಗಿ ಸಿಟ್ಟ ಹಿಡಕೊಂಡ ಕುಂದ್ರಾಕ ಅವಗ ಪುರಸೊತ್ತರ ಎಲ್ಲೈತಿ?"

ಹೀಗೆಂದು ಅವಳು ನನ್ನ ಬೆರಳನ್ನು ತಾನೇ ಹಿಡಿದು ಬೆಣ್ಣೆಯಲ್ಲಿ ಅದ್ದಿ ಅವನ ತುಟಿಗೆ ಮುಟ್ಟಿಸಿದಳು. ನಂತರ ಇಬ್ಬರೂ ಹಾಡತೊಡಗಿದರು. ಅವರದು ಓಣಿಯ ಆಚೆಯ ತುದಿಗೂ ಕೇಳುವ ದನಿ. ನಾನು ಕಿಟಕಿಯ ಕಡೆ ನೋಡಲಾರದೆ ನೆಲ ನೋಡುತ್ತಿದ್ದೆ.

"ಅವ್ವಾ."

ನಾನು ಚೆಲ್ಲಿದ ಜೋಳದ ಕಾಳೊಂದನ್ನು ಹೆಕ್ಕಿಕೊಂಡೆ.

"ಅವ್ವಾ, ಒದೀತು."

ಫಕೀರವ್ವ ಹಾಡು ನಿಲ್ಲಿಸಿದಳು. ಸುಧಾ ಒಳಗಿನಿಂದ, "ನಿಲ್ಲಸಬ್ಯಾಡ್ರಿ, ಹಾಡ್ರಿ. ಹಾಡಿದಾಗ ಒದೀತೈತಿ" ಎಂದಳು.

ಅವರು ಮತ್ತೆ ಶುರು ಮಾಡಿದರು. ಒಂದು ಹಾಡು ಮುಗಿಯಿತು. "ಎಷ್ಟಾತ್ರಿ ತಂಗಿ?" ಎಂದಳು ಫಕೀರವ್ವ. "ಮೂರು." ಇನ್ನೊಂದು ಹಾಡು. "ಈಗ?" "ಐದು." ಗೊತ್ತಿದ್ದ ಹಾಡುಗಳೆಲ್ಲ ಮುಗಿದು ಮೊದಲನೆಯದನ್ನೇ ಮತ್ತೆ ಎತ್ತಿಕೊಂಡರು. ಫಕೀರವ್ವನ ಗಂಟಲು ಬತ್ತಿತು, ಸೊಸೆ ಮುಂದುವರಿಸಿದಳು. ಮನೆಯವರು ಕಾರಿನಿಂದ ಇಳಿದು ಬಂದಾಗ ಕಂಡದ್ದು ಇಷ್ಟು: ಅಂಗಳದಲ್ಲಿ ಇಬ್ಬರು ಹಾಡುತ್ತಿದ್ದಾರೆ, ಹೆಂಡತಿ ಬೆಣ್ಣೆ ಬೆರಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾಳೆ, ಕಿಟಕಿಯೊಳಗಿನಿಂದ ಮಗಳು "ಒಂಬತ್ತು" ಎಂದು ಕೂಗುತ್ತಿದ್ದಾಳೆ. ಅವರು ಗೇಟಿಗೆ ಆತು ನಿಂತರು. ಕಾಲಲ್ಲಿ ನನ್ನ ಚಪ್ಪಲಿ.

ಎಣಿಕೆ ಹತ್ತಾದ ಮೇಲೆಯೂ ಹಾನಗಲ್ಲಿಗೆ ಹೋದೆವು. ಡಾಕ್ಟರಮ್ಮ ಹೊಟ್ಟೆಗೆ ಯಂತ್ರ ಹಚ್ಚಿದಾಗ, ಓಡುವ ಕುದುರೆಯ ಹಾಗೆ ಎದೆಬಡಿತ ಕೋಣೆಯ ತುಂಬ ಕೇಳಿಸಿತು. ಒಳಗಿನಿಂದ ಯಾರೋ ನಮ್ಮನ್ನೇ ಬಡಿದು ಪರೀಕ್ಷಿಸುತ್ತಿರುವಂತೆ ನನಗನಿಸಿತು. ಸದ್ಯಕ್ಕೆ ಚೆನ್ನಾಗಿದೆ ಎಂದರು ಡಾಕ್ಟರಮ್ಮ. ದಿನಾಲೂ ಎಣಿಸಬೇಕೆಂದರು. 'ಸದ್ಯಕ್ಕೆ' ಎಂಬ ಪದದ ಅರ್ಥ ಕಚೇರಿಯಲ್ಲಿ ಕೆಲಸ ಮಾಡಿದ ಎಲ್ಲರಿಗೂ ಗೊತ್ತಿರುತ್ತದೆ.

ಹುಣ್ಣಿಮೆಯ ಮರುದಿನ, ಹಗಲು ಹೊತ್ತಿನಲ್ಲಿ, ಸುಧಾ ನೋಡುತ್ತಿದ್ದಂತೆಯೇ ಆಯಿಯ ಕುಂಡವನ್ನು ಚೀಲದ ಮೇಲೆ ಬೋರಲು ಹಾಕಿದೆ. ಬೇರುಗಳ ಜಡೆ, ಒಂದು ಬಸವನಹುಳದ ಚಿಪ್ಪು, ಸುಧಾಳ ಚಿಕ್ಕಂದಿನ ಅಂಗಿಯ ಗುಂಡಿ. ಮಣ್ಣನ್ನು ಜರಡಿ ಹಿಡಿದೆ. ಎರಡನೆಯ ಸಲವೂ ಹಿಡಿದೆ. ಮೂಗು ಎಂಬ ಯಾವುದೇ ವಸ್ತು ಕಂಡುಬರಲಿಲ್ಲ. ಬರೀ ಮಣ್ಣು. ಮರುಗ, ತುಳಸಿ, ಸೇವಂತಿಗೆ, ಎಲ್ಲವೂ ಅದನ್ನು ಉಂಡು ಹೂಬಿಟ್ಟು ಹೋಗಿದ್ದವು. ಅವನ್ನು ತಲೆಗೆ ನಾನೇ ಮುಡಿದಿದ್ದೆ.

ಖಾಲಿ ಕುಂಡವನ್ನು ಅಂಗೈ ಮೇಲೆ ಕೂರಿಸಿ ಬಡಿದೆ. ಠಣ್ ಎಂದಿತು.

ಅದೇ ಮಣ್ಣಿನಲ್ಲಿ ಒಂದು ಹಿಡಿ ತೆಗೆದು ನೀರು ಹಾಕಿ ಕಲಸಿ, ಉಂಡೆ ಮಾಡಿ, ಗೌಡನ ತಲೆಯ ಕುಂಡದ ನಡುವೆ ಒತ್ತಿದೆ.

"ಏನ್ ಮಾಡಾಕತ್ತೀಯವಾ?" ಎಂದಳು ಸುಧಾ.

"ಮೂಗು."

ಅವಳು ಕಿಟಕಿಯ ಸರಳಿಗೆ ಹಣೆ ಒತ್ತಿ ನೋಡಿದಳು. "ಸೊಟ್ಟ ಐತಿ. ಅಪ್ಪನ ಮೂಗಿನಂಗ ಐತಿ" ಎಂದಳು. ಆ ಮೇಲೆ, "ಮಳಿ ಬಂದ್ರ ಕರಗತೈತಲ್ಲ" ಎಂದಳು.

"ಕರಗಲಿ. ಇನ್ನೊಂದು ಹಚ್ಚತೇನಿ."

ಸಂಜೆಯೇ ಮಳೆ ಬಂತು. ಬೆಳಿಗ್ಗೆ ಗೌಡನ ಎದೆಯ ಮೇಲೆ ಮಣ್ಣಿನ ಒಂದು ಗೆರೆ ಮಾತ್ರ ಉಳಿದಿತ್ತು. ಇನ್ನೊಂದು ಹಚ್ಚಿದೆ. ಮನೆಯವರು ಸಿಮೆಂಟು ತರುತ್ತೇನೆಂದರು, ಬೇಡವೆಂದೆ. ಈಗ ಅದು ದಿನದ ಕೆಲಸವಾಗಿದೆ. ಬೆಳಿಗ್ಗೆ ನಾನು ಅಂಗಳದಲ್ಲಿ ಮೂಗು ಹಚ್ಚುತ್ತೇನೆ, ಸುಧಾ ಕಿಟಕಿಯೊಳಗೆ ಎಣಿಸುತ್ತಾಳೆ. ಅವಳು ಹತ್ತು ಎಂದ ಮೇಲೆ, ಉಳಿದ ಮಣ್ಣನ್ನು ಎಲೆಯಲ್ಲಿ ಸುತ್ತಿ ಸೆರಗಿನ ತುದಿಗೆ ಕಟ್ಟಿಕೊಂಡು ಕಚೇರಿಗೆ ಹೋಗುತ್ತೇನೆ. ಹಾಜರಿ ಪುಸ್ತಕದಲ್ಲಿ ನನ್ನ ಸಹಿಯ ಪಕ್ಕ ದಿನವೂ ಒಂದು ಕೆಂಪು ಬೆರಳಚ್ಚು ಬೀಳುತ್ತಿದೆ. ಅದಕ್ಕೂ ಒಂದು ದಿನ ವಿವರಣೆ ಕೇಳುತ್ತಾರೆ.

ಹೆರಿಗೆಗೆ ಇನ್ನೂ ಎಂಟು ವಾರಗಳಿವೆ. ಭಯ ಹೋಗಿದೆ ಎಂದು ಬರೆದುಕೊಡಲು ನಾನು ಸಿದ್ಧಳಿಲ್ಲ. ಅದು ಸುಳ್ಳು ದಾಖಲೆಯಾಗುತ್ತದೆ. ಮಗಳು ಕೇಳಿದ ಪ್ರಶ್ನೆಗೆ ಉತ್ತರ ಮಾತ್ರ ಮೇಲಿನಂತಿದೆ. ಈ ಹಾಳೆಯ ಅಂಚಿನಲ್ಲಿ ಕಾಣುವ ಕಲೆ ಮಣ್ಣಿನದು, ಅದನ್ನು ತಿದ್ದುಪಡಿ ಎಂದು ಪರಿಗಣಿಸಬಾರದಾಗಿ ವಿನಂತಿ. ಇಂದಿನ ಮೂಗು ಒಂಬತ್ತನೆಯದು. ಕಿಟಕಿಯಿಂದ ಸುಧಾ ಈಗಷ್ಟೇ ಎಂಟು ಎಂದಳು. ಇನ್ನೆರಡು ಆಗುವವರೆಗೆ ನಾನು ಇಲ್ಲಿಯೇ, ಅಂಗಳದಲ್ಲಿ, ಇರುತ್ತೇನೆ.